70 ಪುಟದ ನಾಟಕ ಒಂದು ಗಂಟೆಗೆ ಇಳಿಯಬೇಕು: ಕತ್ತರಿ ಎಲ್ಲಿಂದ?

ಹೊಸ ಕೈ (ಸುರತ್ಕಲ್)

ನಾಟಕ ಬರೆದಾಗಿದೆ. ಓದಿದವರೆಲ್ಲ "ಕಥೆ ಚೆನ್ನಾಗಿದೆ, ನಾಟಕ ಆಗಿಲ್ಲ" ಅಂತಾರೆ. ವಿವರ ಇಷ್ಟು: ಒಂದು ಹಳೆಯ ಮನೆ, ಅಣ್ಣ ಮಾರಲು ಹೊರಟಿದ್ದಾನೆ, ಮುಂಬಯಿಯಿಂದ ತಂಗಿ ಬರುತ್ತಾಳೆ, ಜಾಗದಲ್ಲಿ ನಾಗಬನ (ನಾಗನ ಕಲ್ಲಿರುವ ಮರಗಳ ತೋಪು) ಉಂಟು. 11 ದೃಶ್ಯ, 14 ಪಾತ್ರ, 14 ಪಾಯಿಂಟಿನಲ್ಲಿ ಟೈಪ್ ಮಾಡಿದ 70 ಪುಟ. ಒಂದು ಪ್ರಯೋಗ ಸಭಾಂಗಣದಲ್ಲಿ, ಒಂದು ದೇವಸ್ಥಾನದ ಎದುರಿನ ಬಯಲಲ್ಲಿ. ಎರಡು ಕಡೆಯೂ ಒಂದು ಗಂಟೆ ಸಮಯ. ಮೊದಲು ಮಾತು ಕಡಿಮೆ ಮಾಡುವುದಾ, ಪಾತ್ರ ಕಡಿಮೆ ಮಾಡುವುದಾ?

ಮೂರನೇ ಬೆಲ್

ಎರಡೂ ಬೇಡ. ಮೊದಲು ಲೆಕ್ಕ ಮಾಡಿ. ನೀವು ಹೇಳಿದ ಅಕ್ಷರದ ಗಾತ್ರದಲ್ಲಿ, ಮಾತು ಮಾತಿನ ನಡುವೆ ಜಾಗ ಬಿಟ್ಟು ಟೈಪ್ ಮಾಡಿದರೆ, ಓಡಾಟ ಸೇರಿ ಒಂದು ಪುಟಕ್ಕೆ ಹೆಚ್ಚುಕಡಿಮೆ ಒಂದೂವರೆ ನಿಮಿಷ. 70 ಪುಟ ಅಂದರೆ 105 ನಿಮಿಷ. ಒಂದು ಗಂಟೆಗೆ 40 ಪುಟ. ನಗು, ದೃಶ್ಯ ಬದಲಾವಣೆ, ತಡವಾಗಿ ಬರುವ ಬೆಳಕು ಇವಕ್ಕೆ ಬಿಟ್ಟರೆ 36ರಿಂದ 38. ಅಂದರೆ ಅರ್ಧ ನಾಟಕ ಹೋಗಬೇಕು. ಅಲ್ಲೊಂದು ಸಾಲು ಇಲ್ಲೊಂದು ಸಾಲು ಹೊಡೆದರೆ ಅರ್ಧ ಹೋಗುವುದಿಲ್ಲ, ಇರುವುದು ಬಡಕಲಾಗುತ್ತದೆ, ಅಷ್ಟೆ.

ಒಂದು ಹಾಳೆಯಲ್ಲಿ 11 ದೃಶ್ಯಕ್ಕೂ ಒಂದೊಂದು ಅಡ್ಡಸಾಲು ಹಾಕಿ. ನಾಲ್ಕು ಕಲಂ: ಯಾರಿಗೆ ಬೇಕು, ಯಾರಿಂದ ಬೇಕು, ಯಾವುದು ಅಡ್ಡ, ದೃಶ್ಯ ಮುಗಿದಾಗ ಏನು ಬದಲಾಗಿದೆ. ನಾಲ್ಕನೇ ಕಲಂ ಖಾಲಿ ಬಿದ್ದ ದೃಶ್ಯ ಎಷ್ಟೇ ಚಂದ ಇದ್ದರೂ ಹೊರಗೆ. "ತಂಗಿಗೆ ಬೇಸರವಾಯಿತು" ಎಂಬುದು ಬದಲಾವಣೆ ಅಲ್ಲ. "ತಂಗಿ ರಿಟರ್ನ್ ಟಿಕೆಟ್ ರದ್ದು ಮಾಡಿದಳು" ಎಂಬುದು ಬದಲಾವಣೆ. ಎರಡನೇ ಕಲಂನಲ್ಲಿ "ಸಮಾಜದಿಂದ", "ವಿಧಿಯಿಂದ" ಅಂತ ಬರೆಯಬೇಡಿ. ಸಮಾಜ ರಂಗದ ಮೇಲೆ ಬಂದು ನಿಲ್ಲುವುದಿಲ್ಲ, ಎದುರಿಗೆ ನಿಂತ ಮನುಷ್ಯನಿಂದಲೇ ಬೇಕಾಗಿರಬೇಕು.

ಸೈಡ್ ವಿಂಗ್

ಬೆಲ್ ಸರ್ ಹೇಳಿದ ಲೆಕ್ಕಕ್ಕೆ ಇದೊಂದು ಸೇರಿಸಿ. 11 ದೃಶ್ಯ ಅಂದರೆ 10 ಬದಲಾವಣೆ. ಒಂದೊಂದಕ್ಕೆ 20 ಸೆಕೆಂಡು ಕತ್ತಲೆ ಅಂದರೂ ಒಟ್ಟು ಮೂರು ನಿಮಿಷ ಚಿಲ್ಲರೆ ಜನ ಕತ್ತಲೆಯಲ್ಲಿ ಕೂತಿರುತ್ತಾರೆ. ಕತ್ತಲೆ 8–10 ಸೆಕೆಂಡು ದಾಟಿದರೆ ಸಭೆಯಲ್ಲಿ ಗುಜುಗುಜು ಶುರು, ಮೊಬೈಲ್ ಹೊರಗೆ ಬರುತ್ತದೆ, ಮುಂದಿನ ದೃಶ್ಯದ ಮೊದಲ ಎರಡು ಮಾತು ಯಾರಿಗೂ ಕೇಳುವುದಿಲ್ಲ.

ಬಯಲಲ್ಲಿ ಇನ್ನೂ ಕಷ್ಟ: ಅಲ್ಲಿ ಕತ್ತಲೆಯೇ ಇಲ್ಲ. ಚರುಮುರಿ ಗಾಡಿ, ಐಸ್‌ಕ್ರೀಮ್ ಗಾಡಿಯ ಲೈಟು, ದೇವಸ್ಥಾನದ ಸೀರಿಯಲ್ ಸೆಟ್ಟು ಎಲ್ಲ ಉರಿಯುತ್ತಲೇ ಇರುತ್ತದೆ. "ಬೆಳಕು ಆರುತ್ತದೆ" ಅಂತ ಬರೆದಲ್ಲಿ ನಟರು ಬೆಳಕಿನಲ್ಲೇ ಮೇಜು ಹೊತ್ತುಕೊಂಡು ಹೋಗುವುದು ಎಲ್ಲರಿಗೂ ಕಾಣುತ್ತದೆ. ಸತ್ತವನು ಎದ್ದು ನಡೆಯುವುದೂ ಕಾಣುತ್ತದೆ.

ಉಪಾಯ ಬರವಣಿಗೆಯಲ್ಲೇ ಮಾಡಬೇಕು. ಒಂದೇ ಜಾಗ ಹಿಡಿಯಿರಿ: ಚಾವಡಿ. ಅದಕ್ಕೆ ಮೂರು ದಾರಿ: ಅಂಗಳದ ಕಡೆ, ಅಡುಗೆಮನೆಯ ಬಾಗಿಲು, ಅಟ್ಟದ ಏಣಿ. ಹೊರಗಿನವರು ಅಂಗಳದಿಂದ, ಮನೆಯವರು ಅಡುಗೆಮನೆಯಿಂದ, ಹಳೆಯದೆಲ್ಲ ಅಟ್ಟದಿಂದ. ಹೀಗೆ ಮಾಡಿದರೆ 11 ದೃಶ್ಯ ತನ್ನಿಂದ ತಾನೇ ನಾಲ್ಕೋ ಐದೋ ಆಗುತ್ತದೆ. ವಕೀಲರ ಆಫೀಸು, ಬಸ್‌ಸ್ಟ್ಯಾಂಡು, ಮುಂಬಯಿಯ ಫ್ಲ್ಯಾಟು ಎಲ್ಲ ಚಾವಡಿಗೆ ಬಂದು ಮಾತಾಡಲಿ.

ಹಳೆಯ ಕಂಪನಿ ನಾಟಕದವರು ಇದಕ್ಕೇ ರಸ್ತೆ ಪರದೆ ಇಟ್ಟುಕೊಂಡದ್ದು. ಮುಂದೆ ಪರದೆ ಬಿಟ್ಟು ಇಬ್ಬರು ಹಾಸ್ಯದವರು ಐದು ನಿಮಿಷ ಎಳೆಯುವಷ್ಟರಲ್ಲಿ ಹಿಂದೆ ದರ್ಬಾರು ಸಿದ್ಧ. ಅದನ್ನು ಈಗಲೂ ಬಳಸಬಹುದು, ಆದರೆ ಮುಂದಿನ ಹಾಸ್ಯ ಕಥೆಗೆ ಏನಾದರೂ ಕೊಡಬೇಕು.

ಹೊಸ ಕೈ (ಸುರತ್ಕಲ್)

ಪಟ್ಟಿ ಮಾಡಿದೆ. ಐದು ದೃಶ್ಯದಲ್ಲಿ ನಾಲ್ಕನೇ ಕಲಂ ಖಾಲಿ. ಅದರಲ್ಲಿ ಒಂದು ಅಣ್ಣ–ತಂಗಿ ಮೊದಲ ಬಾರಿ ಎದುರಾಗುವ ದೃಶ್ಯವೇ. ಅದನ್ನು ತೆಗೆದರೆ ಏನೂ ಉಳಿಯುವುದಿಲ್ಲ. ಇಲ್ಲಿ ಹಾಕುತ್ತೇನೆ:

ಅಣ್ಣ: ಲಲಿತಾ, ನೀನು ಮದುವೆಯಾಗಿ ಮುಂಬಯಿಗೆ ಹೋಗಿ 22 ವರ್ಷ ಆಯಿತು. ಅಪ್ಪ ತೀರಿಕೊಂಡು ಮೂರು ವರ್ಷ. ಈ ಮನೆಯನ್ನು ನೋಡಿಕೊಳ್ಳಲು ನನ್ನಿಂದ ಆಗುವುದಿಲ್ಲ. ಮಾರುವ ಬಗ್ಗೆ ನಿನ್ನ ಅಭಿಪ್ರಾಯ ಏನು?
ತಂಗಿ: ಅಣ್ಣಾ, ಈ ಮನೆಯಲ್ಲಿ ನಮ್ಮ ಬಾಲ್ಯದ ನೆನಪುಗಳಿವೆ. ಈ ಕಂಬ, ಈ ಚಾವಡಿ, ಆ ನಾಗಬನ. ಇದನ್ನೆಲ್ಲ ಹೇಗೆ ಮಾರಲು ಸಾಧ್ಯ?
ಅಣ್ಣ: ನಿನಗೆ ಅಲ್ಲಿಂದ ಹೇಳುವುದು ಸುಲಭ.

ಮೂರನೇ ಬೆಲ್

ಮೂರನೇ ಮಾತು ಮಾತ್ರ ನಾಟಕ. ಮೊದಲಿನ ಎರಡು ಪ್ರೇಕ್ಷಕರಿಗೆ ಬರೆದ ಪತ್ರ. ಮದುವೆಯಾಗಿ ಎಷ್ಟು ವರ್ಷ ಆಯಿತೆಂದು ತಂಗಿಗೆ ಗೊತ್ತು, ಅಪ್ಪ ಸತ್ತದ್ದೂ ಗೊತ್ತು. ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರು ಮಾತಾಡಿದರೆ ಸಭೆಗೆ ಕೂಡಲೇ ತಿಳಿಯುತ್ತದೆ, ಇದು ನಮಗೆ ಹೇಳುತ್ತಿರುವುದು ಅಂತ.

ಮಾಹಿತಿ ಕೊಡಲು ಮೂರು ಕ್ರಮ ಉಂಟು. ಒಂದು, ಗೊತ್ತಿಲ್ಲದವನು ಕೇಳುವುದು. ನಿಮ್ಮ ನಾಟಕದ ಬ್ರೋಕರ್ ಇದಕ್ಕೆ ಸರಿ. ಎರಡು, ಜಗಳದಲ್ಲಿ ಆಯುಧವಾಗಿ ಎಸೆಯುವುದು: "22 ವರ್ಷದಲ್ಲಿ ಎಷ್ಟು ಸಲ ಬಂದಿದ್ದಿ, ಬೆರಳು ಮಡಚಿ ಹೇಳು." ಮೂರು, ವಸ್ತುವಿನಿಂದ. ನಿಮ್ಮ ದೃಶ್ಯವನ್ನು ಮೂರನೆಯದರಲ್ಲಿ ಹೀಗೆ ಮಾಡಬಹುದು:

(ತಂಗಿ ಅಂಗಳದಿಂದ ಬರುತ್ತಾಳೆ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡಲು ಬಗ್ಗುತ್ತಾಳೆ.)
ಅಣ್ಣ: ಹಾಕಿಕೊಂಡೇ ಬಾ. ಈಗ ಎಲ್ಲರೂ ಹಾಕಿಕೊಂಡೇ ಬರುದು.
(ತಂಗಿ ಅವನನ್ನು ನೋಡುತ್ತಾಳೆ. ಚಪ್ಪಲಿ ಬಿಟ್ಟೇ ಹತ್ತುತ್ತಾಳೆ.)
ಅಣ್ಣ: ಬೆಲ್ಲ ತೆಗೋ. ನೀರು ಅಲ್ಲುಂಟು.
ತಂಗಿ: ನಾನೇನು ನೆಂಟಳಾ? ಚಾ ನಾನೇ ಮಾಡ್ತೇನೆ. (ಅಡುಗೆಮನೆಯ ಬಾಗಿಲಿಗೆ ಹೋಗುತ್ತಾಳೆ. ಬೀಗ.) ಇದಕ್ಕೆ ಯಾಕೆ ಬೀಗ?
ಅಣ್ಣ: ಅವರು ಹಾಕಿದ್ದು.
ತಂಗಿ: ಯಾರು, ಅವರು?
(ಅಣ್ಣ ಬೆಲ್ಲದ ತಟ್ಟೆಯನ್ನು ಅವಳ ಕಡೆ ಸರಿಸುತ್ತಾನೆ.)
ಅಣ್ಣ: ಅಡ್ವಾನ್ಸ್ ತೆಗೊಂಡಾಯ್ತು.

ಬಾಲ್ಯ, ನೆನಪು, ಕಂಬ ಯಾವುದೂ ಇಲ್ಲ, ಆದರೆ ಚಪ್ಪಲಿ ಬಿಟ್ಟದ್ದರಲ್ಲಿ ಇದೆ. ಬೆಲ್ಲ ನೀರು ಕೊಡುವುದು ಬಂದ ನೆಂಟರಿಗೆ. ಅಣ್ಣ ಅದನ್ನು ಕೊಟ್ಟ ಕೂಡಲೇ ಅವಳು ಮನೆಯವಳಲ್ಲ ಅಂತ ಆಯಿತು. ಇದನ್ನು ನಮ್ಮೂರ ಸಭೆಗೆ ವಿವರಿಸುವುದೇ ಬೇಡ. ನಾಲ್ಕನೇ ಕಲಂ ಕೂಡ ತುಂಬಿತು: ದೃಶ್ಯದ ಆರಂಭದಲ್ಲಿ "ಮಾರುವುದಾ ಬೇಡವಾ" ಅಂತ ಇದ್ದದ್ದು ಕೊನೆಯಲ್ಲಿ "ಮಾರಿ ಆಗಿದೆ" ಅಂತಾಯಿತು. ಇನ್ನು ಅವಳು ಒಪ್ಪುವ ಪ್ರಶ್ನೆ ಅಲ್ಲ, ತಡೆಯುವ ಪ್ರಶ್ನೆ.

ಸೈಡ್ ವಿಂಗ್

ಚಂದ ಉಂಟು. ಆದರೆ ಬೆಲ್ಲದ ಬಗ್ಗೆ ಒಂದು ಮಾತು. ಬೆಲ್ಲ ಬಾಯಿಗೆ ಹಾಕಿದ ನಟಿಗೆ ಮುಂದಿನ ಮಾತು ಕೊಡಬೇಡಿ. ಕರಗಲು ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಮಾತಾಡಿದರೆ ಮೊದಲು ಹೋಗುವುದು ಸ ಮತ್ತು ಶ. ಇಲ್ಲಿ ಅವಳು ತಿನ್ನುವುದಿಲ್ಲ, ಹಾಗಾಗಿ ಸರಿ. ಮುಂದೆ ಎಲ್ಲಾದರೂ ತಿನ್ನಿಸುವುದಿದ್ದರೆ ಆಗ ಎದುರಿನವನು ನಾಲ್ಕೈದು ಸಾಲು ಮಾತಾಡುತ್ತಿರಲಿ. ಅವಲಕ್ಕಿ, ಚಕ್ಕುಲಿ, ಬಿಸಿ ಚಾ ಎಲ್ಲದಕ್ಕೂ ಇದೇ.

ಬೀಗ ನಿಜವಾದ್ದೇ ಬೇಕು, ಆದರೆ ಸೆಟ್ಟಿನ ಬಾಗಿಲು ಪ್ಲೈವುಡ್ಡು. ಸಿಟ್ಟಿನಲ್ಲಿ ಎಳೆದರೆ ಚೌಕಟ್ಟೇ ಕೈಗೆ ಬರುತ್ತದೆ. "ಬೀಗ ಹಿಡಿದು ಜಗ್ಗುತ್ತಾಳೆ" ಅಂತ ಬರೆಯಬೇಡಿ, "ಬೀಗವನ್ನು ಅಂಗೈಯಲ್ಲಿ ಎತ್ತಿ ನೋಡುತ್ತಾಳೆ" ಸಾಕು.

ಜಾಗಟೆ

ಇಷ್ಟೆಲ್ಲ ಕಡಿಮೆ ಮಾತಿನ ನಾಟಕ ನಮ್ಮ ಕರಾವಳಿಯ ಸಭೆಗೆ ಹಿಡಿಸುತ್ತದಾ? ಇಲ್ಲಿಯ ಜನ ಮಾತು ಕೇಳಲೆಂದೇ ಬರುವವರು. ತಾಳಮದ್ದಳೆಯಲ್ಲಿ ಅರ್ಥಧಾರಿ (ಪಾತ್ರವಾಗಿ ಕೂತು ಮಾತಾಡುವವನು) ಹತ್ತು ನಿಮಿಷ ಒಂದೇ ಪೀಠಿಕೆ ಹೇಳಿದರೂ ಕೂತು ಕೇಳುವುದಿಲ್ಲವಾ? ವೇಷವಿಲ್ಲ, ಕುಣಿತವಿಲ್ಲ, ಸೆಟ್ಟಂತೂ ಇಲ್ಲವೇ ಇಲ್ಲ.

ಮೂರನೇ ಬೆಲ್

ಕೇಳುತ್ತಾರೆ. ಯಾಕೆಂದರೆ ಕೃಷ್ಣ ಸಂಧಾನಕ್ಕೆ ಬಂದರೆ ಏನಾಗುತ್ತದೆಂದು ಕೇಳುಗನಿಗೆ ಮೊದಲೇ ಗೊತ್ತು. ಕಥೆಯ ಚಿಂತೆ ಇಲ್ಲ. ವಾದವನ್ನು ಯಾವ ಕಡೆಯಿಂದ ಕಟ್ಟುತ್ತಾನೆ, ಎದುರಿನವನು ಎಲ್ಲಿ ಮುರಿಯುತ್ತಾನೆ ಎಂಬುದೇ ರುಚಿ. ಹೊಸ ಸಾಮಾಜಿಕ ನಾಟಕದಲ್ಲಿ ಸಭೆಗೆ ಕಥೆಯೇ ಗೊತ್ತಿಲ್ಲ. ಮೊದಲ ಹತ್ತು ನಿಮಿಷ ಯಾರು, ಯಾರಿಗೆ ಏನಾಗಬೇಕು ಅಂತ ಹುಡುಕುತ್ತಾ ಕೂತಿರುತ್ತಾರೆ. ಆಗ ಪೀಠಿಕೆ ಹಾಕಿದರೆ ಕೈ ಬಿಟ್ಟುಹೋಗುತ್ತಾರೆ.

ತಾಳಮದ್ದಳೆಯಿಂದ ಕಲಿಯಬೇಕಾದ್ದು ಬೇರೆ ಉಂಟು. ಅಲ್ಲಿ ಎದುರಿನವನ ಮಾತಿನ ಕೊನೆಯ ಪದವನ್ನೇ ಹಿಡಿದು ತಿರುಗಿಸುತ್ತಾರೆ. ಅದನ್ನು ಇಲ್ಲಿ ಮಾಡಿ. "ಅವರು ಹಾಕಿದ್ದು" – "ಯಾರು, ಅವರು?" ಅದೇ ಕೊಂಡಿ. ಉದ್ದದ ಮಾತು ನಾಟಕಕ್ಕೆ ಒಂದೇ ಒಂದು ಇರಲಿ, 12 ಸಾಲಿನೊಳಗೆ. ಅದರ ನಡುವೆ ಎಲ್ಲಾದರೂ ಮಾತಾಡುವವನ ಮನಸ್ಸು ಬದಲಾಗಬೇಕು. ಆರಂಭದಲ್ಲಿ ಬೈಯುತ್ತಿದ್ದವನು ಕೊನೆಗೆ ಬೇಡುತ್ತಿದ್ದರೆ ಅದು ಉದ್ದ ಅನಿಸುವುದೇ ಇಲ್ಲ.

ಜಾಗಟೆ

ಸರಿ, ಒಪ್ಪಿದೆ. ಹಾಗಾದರೆ ಹಳಬರ ಶಾಸ್ತ್ರದಿಂದಲೇ ಒಂದು ಕೊಡುತ್ತೇನೆ. ಧನಂಜಯನ ದಶರೂಪಕ ಎಂಬ ಸಂಸ್ಕೃತ ನಾಟ್ಯಶಾಸ್ತ್ರದ ಪುಸ್ತಕದಲ್ಲಿ ಕಥಾವಸ್ತುವನ್ನು ದೃಶ್ಯ, ಸೂಚ್ಯ ಅಂತ ಎರಡು ಮಾಡಿದ್ದಾರೆ. ತೋರಿಸಬೇಕಾದ್ದು ಯಾವುದು, ಸೂಚಿಸಿ ಬಿಡಬೇಕಾದ್ದು ಯಾವುದು. ಸೂಚಿಸಲು ಐದು ಉಪಾಯ ಹೇಳಿದ್ದಾರೆ, ಅರ್ಥೋಪಕ್ಷೇಪಕಗಳು ಅಂತ ಹೆಸರು. ಈ ನಾಟಕಕ್ಕೆ ಬೇಕಾದ್ದು ಚೂಲಿಕೆ, ಅಂದರೆ ನೇಪಥ್ಯದಿಂದ ಬರುವ ಧ್ವನಿ. ನಾಗಬನದ ದೃಶ್ಯ ಬರೆದಿದ್ದೀರಲ್ಲ, ಅದನ್ನು ರಂಗದ ಮೇಲೆ ತರಬೇಡಿ. ಒಳಗಿನಿಂದ ಕೇಳಲಿ, ಚಾವಡಿಯಲ್ಲಿ ನಿಂತವರ ಮುಖ ಕಾಣಲಿ.

ಹೊಸ ಕೈ (ಸುರತ್ಕಲ್)

ಅದು ಏಳನೇ ದೃಶ್ಯ. ಬನದಲ್ಲಿ ಅಳತೆಗೆ ಬಂದವರು, ಮರ ಕಡಿಯುವುದು, ದರ್ಶನ (ಮೈಮೇಲೆ ಬರುವುದು), ಎಲ್ಲ ಬರೆದಿದ್ದೆ. ಆರು ಪುಟ.

ಸೈಡ್ ವಿಂಗ್

ಜಾಗಟೆಯವರು ಹೇಳಿದ್ದೇ ಸರಿ. ಥರ್ಮೋಕೋಲಿನ ನಾಗನ ಕಲ್ಲು, ಪ್ಲಾಸ್ಟಿಕ್ ಎಲೆ, ಅದರ ಎದುರು ದರ್ಶನ ಅಂದರೆ ಹಿಂದಿನ ಸಾಲಿನಲ್ಲಿ ಯಾರಾದರೂ ನಗುವುದು ಖಂಡಿತ. ಅದಕ್ಕಿಂತ ಮುಖ್ಯ: ದರ್ಶನ, ದೈವದ ವೇಷ, ನುಡಿಗಟ್ಟು (ದೈವ ಆಡುವ ಮಾತು) ಇವನ್ನು ನಾಟಕಕ್ಕೆ ತರುವುದಕ್ಕೆ ಊರಲ್ಲಿ ಆಕ್ಷೇಪ ಉಂಟು. ಆರಾಧನೆ ಮಾಡುವವರ ಮನಸ್ಸು ನೋಯಿಸಿ ನಾಟಕ ಗೆಲ್ಲುವುದಿಲ್ಲ, ಮತ್ತೆ ನಿಮ್ಮದು ದೇವಸ್ಥಾನದ ಎದುರಿನ ವೇದಿಕೆ.

ಹೊರಗೆ ಕೊಡಲಿ ಏಟು ಮೂರು. ಮೂರನೆಯದಕ್ಕೆ ತಂಗಿ ಕಂಬ ಹಿಡಿಯಲಿ. ನಾಲ್ಕನೆಯದು ಕೇಳಬಾರದು. ಅದು ಯಾಕೆ ನಿಂತಿತು ಎಂಬುದೇ ಮುಂದಿನ ದೃಶ್ಯ. ಆರು ಪುಟ ಅರ್ಧ ಪುಟ ಆಯಿತು. ಸದ್ದು ರೆಕಾರ್ಡಿಂಗ್ ಬೇಡ, ಸೈಡಿನಲ್ಲಿ ನಿಜವಾದ ಮರದ ತುಂಡಿಗೆ ಹೊಡೆಯಿರಿ. ಬಯಲಿನ ಸ್ಪೀಕರಿನಲ್ಲಿ ರೆಕಾರ್ಡ್ ಮಾಡಿದ ಕೊಡಲಿ ಸದ್ದು ಪಟಾಕಿ ತರ ಕೇಳುತ್ತದೆ.

ಕದ್ರಿ ಗುಡ್ಡೆ

ಯಾರೂ ಭಾಷೆಯ ಬಗ್ಗೆ ಹೇಳಿಲ್ಲ. "ಅಭಿಪ್ರಾಯ", "ಸಾಧ್ಯ", "ನೆನಪುಗಳಿವೆ" ಇವು ಅಣ್ಣ–ತಂಗಿಯ ಬಾಯಲ್ಲಿ ಬರುವ ಮಾತಲ್ಲ. ಹಾಗಂತ ಪೂರ್ತಿ ಉಚ್ಚಾರವನ್ನೇ ಅಕ್ಷರಕ್ಕೆ ಇಳಿಸಲು ಹೋದರೆ ಓದುವ ನಟ ತಡವರಿಸುತ್ತಾನೆ. ಕ್ರಿಯಾಪದದ ಕೊನೆ ಮತ್ತು ಪ್ರತ್ಯಯ ಮಾತ್ರ ಊರಿನದು ಮಾಡಿ: ಬರುದು, ಹೋಗ್ಲಿಕ್ಕುಂಟು, ಮಾಡ್ತೇನೆ, ಅಲ್ಲವಾ. ಉಳಿದ ಪದಗಳ ಕಾಗುಣಿತ ಮಾಮೂಲಿ ಇರಲಿ. ಇಷ್ಟು ಮಾಡಿದರೆ ಸಾಕು, ಬಾಕಿ ರಾಗ ನಟರೇ ತರುತ್ತಾರೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬರೆಯುವವರಿಗೆ ಇದು ದೊಡ್ಡ ಅನುಕೂಲ. "ನಾನು ಈ ಕಾಗದಕ್ಕೆ ಸಹಿ ಹಾಕುದು..." ಅಂತ ನಿಲ್ಲಿಸಿದರೆ "ಉಂಟು" ಬರುತ್ತದೋ "ಇಲ್ಲ" ಬರುತ್ತದೋ ಅಂತ ಸಭೆ ಕಾಯುತ್ತದೆ. ಅದಕ್ಕೇ ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುವಾಗ ಎಲ್ಲಿ ಕತ್ತರಿಸಿದರು ಅಂತ ನೋಡಿ. ಕ್ರಿಯಾಪದಕ್ಕೆ ಮೊದಲು ಕತ್ತರಿಸಿದರೆ ಅರ್ಥ ತೂಗಾಡುತ್ತದೆ. ಅದು ಬೇಕಾದಲ್ಲಿ ಸರಿ, ಬೇಡವಾದಲ್ಲಿ ಗೊಂದಲ.

ಇನ್ನೊಂದು, ನೀನು–ನೀವು. ಅಣ್ಣ ತಂಗಿಗೆ ನೀನು, ತಂಗಿಯ ಗಂಡನಿಗೆ ಭಾವ, ನೀವು. ಜಗಳ ಏರಿದಾಗ ಅಣ್ಣ ತಂಗಿಗೆ "ನೀವು ಮುಂಬಯಿಯವರು" ಅಂದರೆ ಆ ಒಂದು "ನೀವು" ಬೈಗುಳಕ್ಕಿಂತ ಜೋರು. ಆದರೆ ನಾಟಕದಲ್ಲಿ ಒಂದೇ ಸಲ. ಮತ್ತೆ ಟೈಪ್ ಮಾಡುವಾಗ ತಪ್ಪಿ ಬೇರೆ ಕಡೆ ನೀವು ಬಂದಿಲ್ಲ ಅಂತ ಹುಡುಕಿ ನೋಡಿ, ಇಲ್ಲವಾದರೆ ಆ ಏಟು ಬೀಳುವುದಿಲ್ಲ.

ತುಳು ಯಾಕೆ ಬಿಟ್ಟಿರಿ? ಈ ಮನೆಯಲ್ಲಿ ಜನ ತುಳು ಮಾತಾಡುವವರೇ ಆಗಿರಬೇಕು. ಕನ್ನಡ ನಾಟಕವೇ ಆದರೂ ಬ್ರೋಕರ್ ಬಂದಾಗ ಅಣ್ಣ "ಬಲೆ, ಕುಲ್ಲುಲೆ" (ಬನ್ನಿ, ಕೂತುಕೊಳ್ಳಿ) ಅನ್ನಲಿ. ರೇಟು ಮಾತಾಡುವ ಹೊತ್ತಿಗೆ ಇಬ್ಬರೂ ಕನ್ನಡಕ್ಕೆ ಹೊರಳಲಿ. ವ್ಯವಹಾರ ಶುರುವಾಯಿತು ಅಂತ ಹೇಳಲು ಬೇರೆ ಸೂಚನೆ ಬೇಡ.

ಹ್ವಾಯ್ ಕುಂದಾಪ್ರ

ಅಕ್ಕ ಹೇಳಿದ್ದಕ್ಕೆ ಒಂದು ಸೇರ್ಸ್ತೆ. ಕುಂದಾಪ್ರ ಕನ್ನಡ ಮಾತಾಡುವ ಪಾತ್ರ ಬಂತಂದ್ರೆ ಅದು ಕೆಲಸದವ, ಇಲ್ದಿದ್ರೆ ಹಾಸ್ಯ. ನ್ಯಾಯಾಧೀಶ ಕುಂದಾಪ್ರ ಕನ್ನಡ ಮಾತಾಡ್ಲಿಕ್ಕಾಗ್ದಾ? ನಿಮ್ಮ 14 ಪಾತ್ರದಲ್ಲಿ ಅಳತೆಗೆ ಬಪ್ಪ ಸರ್ವೆಯರ್ ಇದ್ರೆ, ಗಂಭೀರದ ಮಾತು ಅವನ ಬಾಯಲ್ಲಿ ಕುಂದಾಪ್ರದಲ್ಲಿ ಹಾಕಿ ಕಾಣಿ.

ಹೊಸ ಕೈ (ಸುರತ್ಕಲ್)

ಸರ್ವೆಯರ್ ಇದ್ದಾನೆ, ಹಾಸ್ಯಕ್ಕೇ ಇಟ್ಟದ್ದು. ನೋಡುತ್ತೇನೆ. ಆದರೆ ನಗು ಎಲ್ಲೂ ಇಲ್ಲದಿದ್ದರೆ ಬಯಲಿನ ಸಭೆ ಕೂರುತ್ತದಾ?

ಸೈಡ್ ವಿಂಗ್

ನಗು ಬೇಕು, ಜಾಗ ನೋಡಿ ಹಾಕಬೇಕು. ದೊಡ್ಡ ನಗು ಬಂದರೆ ಮೂರರಿಂದ ಐದು ಸೆಕೆಂಡು ಸಭೆಗೆ ಏನೂ ಕೇಳುವುದಿಲ್ಲ. ನಗುವಿನ ಸಾಲಿನ ಹಿಂದೆಯೇ ಮುಖ್ಯ ವಿಷಯ ಬರೆದರೆ ಅದು ಹೋಯಿತು ಅಂತಲೇ ಲೆಕ್ಕ. ನಡುವೆ ಒಂದು ಖಾಲಿ ಮಾತು ಇಡಿ, "ಆಯ್ತು ಮಾರಾಯ" ಅಂತಹದ್ದು. ನಗು ಬಂದರೆ ಅದು ಮುಳುಗಲಿ, ಬಾರದಿದ್ದರೂ ನಷ್ಟವಿಲ್ಲ.

ಬಯಲಿಗೂ ಹಾಲಿಗೂ ಒಂದೇ ಪ್ರತಿ ಸಾಲದು. ಉಡುಪಿಯಲ್ಲಿ 1965ರಲ್ಲಿ ಶುರುವಾದ ರಂಗಭೂಮಿ ಸಂಸ್ಥೆಯ ನಾಟಕ ಸ್ಪರ್ಧೆಯಂತಹ ಕಡೆ ಬರುವ ಸಭೆ ಕೂತು ನೋಡುತ್ತದೆ. ಒಂದು ವಿಷಯ ಒಂದು ಸಲ ಹೇಳಿದರೆ ಸಾಕು, ಎರಡು ಸಲ ಹೇಳಿದರೆ ತೀರ್ಪುಗಾರರ ಪೆನ್ನು ಓಡುತ್ತದೆ. ಜಾತ್ರೆಯ ಬಯಲಲ್ಲಿ ಜನ ಬರುತ್ತಾರೆ, ಎದ್ದು ಹೋಗುತ್ತಾರೆ, ಮಗುವಿಗೆ ಬಲೂನು ತೆಗೆದುಕೊಟ್ಟು ಮತ್ತೆ ಬರುತ್ತಾರೆ. ಅಲ್ಲಿ "ಅಡ್ವಾನ್ಸ್ ಆಗಿದೆ, ಸಹಿ ಆಗಿಲ್ಲ" ಎಂಬ ಸಂಗತಿ ಮೂರು ಕಡೆ, ಮೂರು ಬೇರೆ ಬಾಯಲ್ಲಿ ಬರಬೇಕು. ಹಾಗಾಗಿ ಹಾಲಿನ ಪ್ರತಿ ಮೊದಲು ಮಾಡಿ, ಬಯಲಿನ ಪ್ರತಿಯಲ್ಲಿ ಐದಾರು ಸಾಲು ಸೇರಿಸಿ. ಉಲ್ಟಾ ಮಾಡಿದರೆ ಕಡಿಯಲು ಮನಸ್ಸು ಬರುವುದಿಲ್ಲ.

ಮೈಕು: ಬಯಲಲ್ಲಿ ಮುಂದೆ ಮೂರೋ ನಾಲ್ಕೋ ಸ್ಟ್ಯಾಂಡ್ ಮೈಕು ಇರುತ್ತದೆ, ನಟರು ಅಲ್ಲಿಗೇ ಬಂದು ನಿಲ್ಲುತ್ತಾರೆ. ಅಟ್ಟದ ಏಣಿಯ ಮೇಲಿಂದ ಪಿಸುಗುಟ್ಟುವ ಮಾತು, ಬೆನ್ನು ಹಾಕಿ ಹೇಳುವ ಮಾತು ಇವಕ್ಕೆ ಕಥೆಯ ಕೀಲಿ ಕೊಡಬೇಡಿ. ಏಣಿಯ ಮೇಲೆ ಕೆಲಸ ಮಾಡಲಿ, ಕೆಳಗೆ ಬಂದು ಮಾತಾಡಲಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಪ್ರಯೋಗ ಇದ್ದು ಹಾಲಿಗೆ ಶೀಟಿನ ಮಾಡು ಇದ್ದರೆ ಮಳೆ ಬಿದ್ದಾಗ ಎರಡನೇ ಸಾಲಿಗೂ ಮಾತು ಕೇಳುವುದಿಲ್ಲ. ಆಗ ನಾಟಕವನ್ನು ಎತ್ತುವುದು ನೀವು ಬರೆದಿಟ್ಟ ಚಪ್ಪಲಿ, ಬೀಗ, ತಟ್ಟೆ.

ಸಮಯವೂ ನೋಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ಹಬ್ಬ, ಉತ್ಸವಕ್ಕೆ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಸಭಾ ಕಾರ್ಯಕ್ರಮ, ಸನ್ಮಾನ, ಮಕ್ಕಳ ಡ್ಯಾನ್ಸು ಮುಗಿದು ನಿಮಗೆ ವೇದಿಕೆ ಸಿಗುವುದು 9ಕ್ಕೆ ಅಂದುಕೊಳ್ಳಿ. ಸ್ಕ್ರಿಪ್ಟಿನಲ್ಲಿ ಬಿಟ್ಟುಬಿಡಬಹುದಾದ ಎಂಟು ನಿಮಿಷವನ್ನು ಮೊದಲೇ ಗುರುತು ಹಾಕಿಡಿ. ಇಲ್ಲದಿದ್ದರೆ ನಟರೇ ವೇದಿಕೆಯಲ್ಲಿ ಹಾರಿಸುತ್ತಾರೆ, ಹಾರಿಸುವುದು ಯಾವಾಗಲೂ ಮುಖ್ಯವಾದ್ದನ್ನೇ.

ಮೂರನೇ ಬೆಲ್

ಪಾತ್ರದ ವಿಷಯ ಬಾಕಿ ಇತ್ತು. 14 ಜನ ಅಂದರೆ ಹವ್ಯಾಸಿ ತಂಡಕ್ಕೆ ಕಷ್ಟ. ರಿಹರ್ಸಲ್ ಸಂಜೆ ಆರೂವರೆ ಮೇಲೆ. ಬ್ಯಾಂಕಿನವರು, ಟೀಚರ್‌ಗಳು, ಅಂಗಡಿಯವರು. ಒಂದೇ ದಿನ 14 ಜನ ಸೇರುವುದೇ ಇಲ್ಲ. ಹೆಚ್ಚಿನ ದೃಶ್ಯ ಇಬ್ಬರು–ಮೂವರದ್ದು ಇದ್ದರೆ ಬಂದಷ್ಟು ಜನರಲ್ಲಿ ತಾಲೀಮು ನಡೆಯುತ್ತದೆ. ಎಲ್ಲರೂ ಸೇರುವ ದೃಶ್ಯ ಒಂದೇ ಇರಲಿ.

ಪ್ರತಿ ಪಾತ್ರಕ್ಕೂ ಕೇಳಿ: ಇದನ್ನು ತೆಗೆದರೆ ಯಾವ ದೃಶ್ಯ ಕುಸಿಯುತ್ತದೆ? ಒಂದೂ ಕುಸಿಯದಿದ್ದರೆ ಪಾತ್ರ ಬೇಡ. ಒಂದೇ ಕೆಲಸ ಮಾಡುವ ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಿ. ನಿಮ್ಮ ನೆರೆಯವ, ಪುರೋಹಿತರು, ದೂರದ ಮಾವ ಮೂವರೂ ತಂಗಿಗೆ ಬುದ್ಧಿ ಹೇಳುವವರೇ ಆದರೆ ಮಾವ ಒಬ್ಬ ಸಾಕು. ಏಳು ಪಾತ್ರಕ್ಕೆ ಇಳಿಯುತ್ತದೆ ಅಂತ ನನ್ನ ಅಂದಾಜು.

ಒಬ್ಬ ನಟ ಎರಡು ಪಾತ್ರ ಮಾಡುವುದಿದ್ದರೆ ನಡುವೆ ಸಮಯ ಬಿಡಿ. ಅಂಗಿ ಬದಲಿಸಿ ಮೀಸೆ ಅಂಟಿಸಲು ಎರಡು ನಿಮಿಷ, ಸೀರೆಯಿಂದ ಸೀರೆಗೆ ನಾಲ್ಕು. ಅಂದರೆ ನಡುವೆ ಒಂದೂವರೆಯಿಂದ ಮೂರು ಪುಟ ಬೇರೆಯವರ ಮಾತು ಇರಬೇಕು. ಇದು ನಿರ್ದೇಶಕರ ತಲೆನೋವು ಅಂತ ಬಿಟ್ಟರೆ ಅವರು ಅಲ್ಲಿ ಒಂದು ಹಾಡು ತುರುಕುತ್ತಾರೆ.

ರಂಗಸೂಚನೆ ಕಡಿಮೆ ಮಾಡಿ. "ಕಣ್ಣಂಚಿನಲ್ಲಿ ನೀರು ಜಿನುಗುತ್ತದೆ" ಎಂಬುದು ಮಂಗಳೂರು ಪುರಭವನದ ಹಿಂದಿನ ಸಾಲಿಗೆ ಕಾಣುವುದಿಲ್ಲ. "ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ" ಎಂಬುದನ್ನು ಯಾರೂ ಅಭಿನಯಿಸಲಾರರು. ಮಾಡಬಹುದಾದ್ದು ಮಾತ್ರ: ಕೂರುತ್ತಾನೆ, ಎತ್ತಿಡುತ್ತಾಳೆ, ಬಾಗಿಲು ಹಾಕುತ್ತಾಳೆ. ಎಡ–ಬಲ ಬರೆಯುವುದಿದ್ದರೆ ಸಭೆಗೆ ಮುಖ ಮಾಡಿದ ನಟನ ಎಡ–ಬಲ.

ಫೋನು ಎಷ್ಟು ಸಲ ಬರುತ್ತದೆ?

ಹೊಸ ಕೈ (ಸುರತ್ಕಲ್)

ಒಂಬತ್ತು ಸಲ. (ಎಣಿಸಿದ ಮೇಲೆ ನಾಚಿಕೆಯಾಯಿತು.)

ಮೂರನೇ ಬೆಲ್

ಒಂದು ಇರಲಿ. ಐದು ಮಾತಿನೊಳಗೆ ಮುಗಿಯಲಿ, ಆ ಕಡೆಯವನು ಹೇಳಿದ್ದನ್ನು ಈ ಕಡೆಯವಳು ತಿರುಗಿ ಹೇಳುವುದು ಬೇಡ. "ಏನು? ನಾಳೆಯೇ ರಿಜಿಸ್ಟ್ರೇಶನ್ನಾ?" ಈ ತರದ್ದು ಧಾರಾವಾಹಿಗೆ ಬಿಡಿ. ಅವಳು "ಹ್ಞೂಂ... ಹ್ಞೂಂ... ಎಷ್ಟು ಗಂಟೆಗೆ?" ಅಂತ ಕೇಳಿ ಗಡಿಯಾರ ನೋಡಿದರೆ ಸಾಕು.

ಹೊಸ ಕೈ (ಸುರತ್ಕಲ್)

ಇನ್ನೊಂದು ಸಂಶಯ. ನಡುವೆ ಒಬ್ಬ ಪ್ರಸಿದ್ಧ ಕವಿಯ ಭಾವಗೀತೆ ಹಾಕಿದ್ದೇನೆ. ತೊಂದರೆ ಉಂಟಾ?

ಕಾಗದ ಪತ್ರ

ಕವಿ ಯಾವಾಗ ತೀರಿಕೊಂಡರು ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ತೀರಿದ್ದು 1937, ಕೈಲಾಸಂ 1946. ಅವರ ಬರಹ ಯಾರೂ ಬಳಸಬಹುದು. ಶ್ರೀರಂಗರು 1984, ಅಂದರೆ 2044ರ ಕೊನೆಯವರೆಗೆ ಹಕ್ಕು ಉಂಟು. ಶಿವರಾಮ ಕಾರಂತರು 1997, ಅಂದರೆ 2057ರವರೆಗೆ. ಅನುವಾದಕ್ಕೆ ಪ್ರತ್ಯೇಕ ಹಕ್ಕು: ಶೇಕ್ಸ್‌ಪಿಯರ್ ಬಿಡುಗಡೆ, ಅವನ ಕನ್ನಡ ಅನುವಾದ ಬಿಡುಗಡೆ ಆಗಿರಬೇಕೆಂದಿಲ್ಲ.

ಟಿಕೆಟ್ ಇಲ್ಲದ ಸಭೆಗೆ ಹವ್ಯಾಸಿ ಸಂಘದವರು ಆಡುವುದಕ್ಕೆ 52ನೇ ಕಲಮಿನಲ್ಲಿ ವಿನಾಯಿತಿ ಉಂಟು. ಅದು ಇದ್ದದ್ದನ್ನು ಇದ್ದ ಹಾಗೆ ಪ್ರದರ್ಶಿಸುವುದಕ್ಕೆ. ಕಥೆಯನ್ನು ನಾಟಕ ಮಾಡುವುದಕ್ಕೆ, ಹಾಡಿನ ಸಾಲು ಬದಲಿಸುವುದಕ್ಕೆ, ಯೂಟ್ಯೂಬಿಗೆ ಹಾಕುವುದಕ್ಕೆ ಅದನ್ನು ನಂಬಬೇಡಿ. ಅನುಮತಿ ಪತ್ರ ತೆಗೆದುಕೊಳ್ಳಿ.

ನಿಮ್ಮ ನಾಟಕದ ಹಕ್ಕು ಬರೆದ ಕೂಡಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೆ ತಂಡಕ್ಕೆ ಕೊಡುವಾಗ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳಿ: ಎಷ್ಟು ಪ್ರಯೋಗ, ಪ್ರಯೋಗಕ್ಕೆ ಎಷ್ಟು ಗೌರವಧನ, ಮಾತು ಬದಲಿಸಿದರೆ ಕೇಳಬೇಕಾ ಬೇಡವಾ.

ಕದ್ರಿ ಗುಡ್ಡೆ

ಹಾಡಿನ ಮಟ್ಟಿಗೆ, ಬೇರೆಯವರ ಭಾವಗೀತೆ ಬಂದ ಕೂಡಲೇ ಸಭೆ ನಿಮ್ಮ ನಾಟಕದಿಂದ ಎದ್ದು ಕ್ಯಾಸೆಟ್ಟಿಗೆ ಹೋಗುತ್ತದೆ. ತಂಗಿ ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ಗುನುಗುವ ಎರಡು ಸಾಲು ನೀವೇ ಬರೆಯಿರಿ, ಪ್ರಾಸ ಸರಿ ಇಲ್ಲದಿದ್ದರೂ ಅಡ್ಡಿ ಇಲ್ಲ.

ಪ್ರತಿ ತೆಗೆಯುವಾಗ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ "ನುಡಿ" ತಂತ್ರಾಂಶದ ಅಕ್ಷರದ ಫೈಲ್ ವಾಟ್ಸಾಪಿನಲ್ಲಿ ಕಳಿಸಿದರೆ ನಟರ ಮೊಬೈಲಲ್ಲಿ ಬರೀ ಚಿಹ್ನೆ ಕಾಣುತ್ತದೆ. ಪಿಡಿಎಫ್ ಮಾಡಿ, ಪುಟಸಂಖ್ಯೆ ಹಾಕಿ, ಮೇಲೆ ತಾರೀಕು ಹಾಕಿ. ಇಲ್ಲವಾದರೆ ಅರ್ಧ ಜನ ಹಳೆಯ ಪ್ರತಿಯಲ್ಲಿ, ಅರ್ಧ ಜನ ಹೊಸದರಲ್ಲಿ ಬಾಯಿಪಾಠ ಮಾಡಿರುತ್ತಾರೆ. ಹಾಳೆಯ ಒಂದೇ ಮಗ್ಗುಲಲ್ಲಿ ಪ್ರಿಂಟ್. ಖಾಲಿ ಮಗ್ಗುಲು ನಿರ್ದೇಶಕರ ಗುರುತಿಗೆ.

ಮೂರನೇ ಬೆಲ್

38 ಪುಟ ಆದ ಮೇಲೆ ಓದಿಸಿ. ನೀವು ಓದಬೇಡಿ, ಬರೆದವನು ಓದಿದರೆ ಕಾಗದದಲ್ಲಿ ಇಲ್ಲದ್ದನ್ನೂ ಸ್ವರದಲ್ಲಿ ತುಂಬಿಸುತ್ತಾನೆ. ಐದಾರು ಜನ ಕೂತು ಓದಲಿ. ನೀವು ಪೆನ್ಸಿಲ್ ಹಿಡಿದು ಬಾಯಿ ಮುಚ್ಚಿ ಕೂರಿ. ಓದುವವರು ತಡವರಿಸಿದಲ್ಲಿ ಗೆರೆ, ಕೇಳುವವರು "ಯಾರದು?" ಅಂದಲ್ಲಿ ಸುತ್ತು, ಮೊಬೈಲ್ ನೋಡಿದಲ್ಲಿ ಅಡ್ಡಗೀಟು. ಒಂದೇ ಕಡೆ ಇಬ್ಬರು ತಡವರಿಸಿದರೆ ತಪ್ಪು ಸಾಲಿನದು. ಗಡಿಯಾರ ನೋಡಿ, ಓದಿನ ಸಮಯಕ್ಕೆ ಕಾಲು ಭಾಗ ಸೇರಿಸಿ. 48 ನಿಮಿಷಕ್ಕೆ ಓದಿ ಮುಗಿದರೆ ವೇದಿಕೆಯಲ್ಲಿ 60.

ಹೊಸ ಕೈ (ಸುರತ್ಕಲ್)

ಸದ್ಯಕ್ಕೆ 5 ದೃಶ್ಯ, 7 ಪಾತ್ರ, 41 ಪುಟ. ಹಾಡು ಹೋಯಿತು, ಫೋನು ಒಂದು. ಸರ್ವೆಯರ್ ಕುಂದಾಪ್ರದವನು, ಕೊಡಲಿ ನಿಲ್ಲಿಸುವವನೂ ಅವನೇ. ಕೊನೆ ಮಾತ್ರ ಕೂರುತ್ತಿಲ್ಲ. ಮೊದಲು ಅಣ್ಣ–ತಂಗಿ ಅಪ್ಪಿಕೊಂಡು ಅಳುವ ಹಾಗೆ ಇತ್ತು. ಅದನ್ನು ತೆಗೆದೆ. ಈಗ ಮನೆ ಮಾರಾಟ ಆಗುತ್ತದೆ, ಬನದ ಜಾಗ ಉಳಿಯುತ್ತದೆ, ಖರೀದಿ ಮಾಡಿದವನು ಕೀ ತೆಗೆದುಕೊಳ್ಳಲು ಬರುತ್ತಾನೆ. ಅಲ್ಲಿಗೆ ನಿಂತಿದೆ.

ಜಾಗಟೆ

ಒಂದು ಮಂಗಳ ಪದ್ಯ ಹಾಡಿ ಮುಗಿಸಿ ಅಂತ ಹೇಳುವ ಆಸೆ ನನಗೆ. ಬೆಲ್ ಸರ್ ಬಿಡಲಿಕ್ಕಿಲ್ಲ.

ಮೂರನೇ ಬೆಲ್

ಬಿಡುವುದಿಲ್ಲ. ನಿಮ್ಮ ಮೊದಲ ದೃಶ್ಯದಲ್ಲೇ ಕೊನೆ ಇದೆ. ಖರೀದಿಯವನು ಅಂಗಳದಿಂದ ಬರುತ್ತಾನೆ, ಚಪ್ಪಲಿ ಹಾಕಿಕೊಂಡೇ ಮೆಟ್ಟಿಲು ಹತ್ತುತ್ತಾನೆ. ಅಣ್ಣ ಮೊದಲ ಬಾರಿ ಬಾಯಿ ಬಿಡಲಿ: "ಚಪ್ಪಲಿ ಅಲ್ಲಿ ಬಿಡಿ." ಅವನು ಇಳಿದು ಬಿಟ್ಟು ಬರುತ್ತಾನೆ. ತಂಗಿ ಬೆಲ್ಲದ ತಟ್ಟೆ, ನೀರಿನ ಚೆಂಬು ತಂದು ಅವನ ಎದುರು ಇಡುತ್ತಾಳೆ. ಅವನ ಮನೆಯಲ್ಲೇ ಅವನು ನೆಂಟ. ಕೀ ಕೊಡುವುದನ್ನು ತೋರಿಸಬೇಡಿ. ಅವನು ಬೆಲ್ಲಕ್ಕೆ ಕೈ ಚಾಚುವಾಗ ಬೆಳಕು ಇಳಿಯಲಿ.

ಸೈಡ್ ವಿಂಗ್

ಬಯಲಲ್ಲಿ ಬೆಳಕು ಇಳಿಯುವುದಿಲ್ಲ ಅಂತ ಆಗಲೇ ಹೇಳಿದ್ದೆ. ಅಲ್ಲಿ ಅವನು ಕೈ ಚಾಚಿದಲ್ಲೇ ಮೂವರೂ ಸ್ತಬ್ಧ ನಿಲ್ಲಲಿ, ನಾಲ್ಕು ಎಣಿಸಿ ಪರದೆ ಎಳೆಯುತ್ತಾರೆ. ಪರದೆ ಎಳೆಯುವವನಿಗೆ ಕ್ಯೂ (ಈಗ ಎಳೆ ಎಂಬ ಸೂಚನೆ) ಬೇಕು, ಮಾತಿಲ್ಲದ ಕೊನೆಯಲ್ಲಿ ಅವನು ನಿದ್ದೆ ಹೋಗಿರುತ್ತಾನೆ. ಚೆಂಬು ನೆಲಕ್ಕೆ ಇಡುವ ಸದ್ದನ್ನೇ ಕ್ಯೂ ಅಂತ ಸ್ಕ್ರಿಪ್ಟಿನಲ್ಲಿ ಬರೆಯಿರಿ. ತಟ್ಟೆ ಸ್ಟೀಲಿನದು ಬೇಡ, ಲೈಟಿಗೆ ಹೊಳೆದು ಸಭೆಯ ಕಣ್ಣಿಗೆ ಹೊಡೆಯುತ್ತದೆ. ಹಿತ್ತಾಳೆಯದು, ಉಜ್ಜದೆ.